ಹೆಡರ್ ಸಾಲು, ಹೆಡರ್ ಸಾಲ: ಕರ್ನಲ್ ಡ್ರೈವರ್ ಒಂದನ್ನು ಓರಣ ಮಾಡುವ ಬಗೆ

ಗುಬ್ಬಿ ತಾಲ್ಲೂಕಿನಲ್ಲಿ ನಮ್ಮ ಅಡಿಕೆ ತೋಟ ಇದೆ, ನಾನಿರುವುದು ತುಮಕೂರಿನಲ್ಲಿ. ರಾತ್ರಿ ತ್ರೀ ಫೇಸ್ ಬಂದಾಗ ಮೋಟರ್ ಓಡುತ್ತದೆ. ಬೋರಿನಲ್ಲಿ ನೀರು ಬರುವುದು ನಿಂತು ಮೋಟರ್ ಒಣಗಿ ಓಡಿದರೆ ಅದು ಎಳೆಯುವ ಕರೆಂಟು ಕಡಿಮೆಯಾಗುತ್ತದೆ. ಆ ಇಳಿಕೆ ಅಳೆದು ಫೋನಿಗೆ ಮೆಸೇಜು ಕಳಿಸಲು ಸ್ಟಾರ್ಟರ್ ಡಬ್ಬಿಯ ಪಕ್ಕ ಒಂದು ಸಣ್ಣ ಲಿನಕ್ಸ್ ಬೋರ್ಡ್ ಕೂರಿಸಿದ್ದೇನೆ. ಅದರಲ್ಲಿರುವ ಅಗ್ಗದ ಚಿಪ್ ಅನ್ನು ನಡೆಸುವ ಕೋಡು, ಅಂದರೆ ಡ್ರೈವರ್, ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲಿ ಇರಲಿಲ್ಲ. ಸುಮಾರು ನಾನೂರು ಸಾಲಿನದೊಂದನ್ನು ನಾನೇ ಬರೆದೆ.

ಬೋರ್ಡಿನಲ್ಲಿ ಡೆಬಿಯನ್ ಎಂಬ ಲಿನಕ್ಸಿನ 12ನೇ ಆವೃತ್ತಿ ಇದ್ದಷ್ಟು ದಿನ, ಅಂದರೆ ಕರ್ನಲ್ 6.1ರಲ್ಲಿ, ಎಲ್ಲ ಸರಿಯಿತ್ತು. ಡೆಬಿಯನ್ 13ಕ್ಕೆ ಹೋದೆ, ಕರ್ನಲ್ 6.12 ಆಯಿತು, ಮಾಡ್ಯೂಲ್ (ಕರ್ನಲ್‌ಗೆ ಬೇಕಾದಾಗ ಸೇರಿಸುವ ತುಂಡು, ಅಂದರೆ ನನ್ನ ಡ್ರೈವರ್) ಕಂಪೈಲ್ ಆಗುವುದನ್ನೇ ನಿಲ್ಲಿಸಿತು. 'ಎಎಸ್‌ಎಂ/ಅನ್‌ಅಲೈನ್ಡ್.ಎಚ್ ಎಂಬ ಫೈಲೇ ಇಲ್ಲ' ಅಂದಿತು ಕಂಪೈಲರ್. ಹೆಡರ್ ಅಂದರೆ ಬೇರೆಡೆ ಇರುವ ಫಂಕ್ಷನ್, ಟೈಪುಗಳನ್ನು ಘೋಷಿಸುವ ಫೈಲು ಅಂತ ಅಪ್ಪನಿಗೆ ಫೋನಿನಲ್ಲಿ ವಿವರಿಸಲು ಹೋದೆ. "ಅದೆಲ್ಲ ಬಿಡು, ಮೋಟ್ರು ಓಡ್ತಾ ಇದೆಯೋ ಇಲ್ವೋ ಅಷ್ಟು ಹೇಳು" ಅಂದರು.

ಆ ಒಂದು ಸಾಲು ಸರಿಪಡಿಸಿ ಸುಮ್ಮನಾಗಬಹುದಿತ್ತು. ಆದರೆ ಫೈಲಿನ ತಲೆಯಲ್ಲಿದ್ದ ಹತ್ತು ಹೆಡರ್‌ಗಳನ್ನು ನೋಡಿದರೆ ಅರ್ಧ ಯಾಕಿವೆ ಅಂತ ನನಗೇ ಗೊತ್ತಿರಲಿಲ್ಲ. ಕೂತು ಓರಣ ಮಾಡಿದೆ. ಮೊದಲ ಸಲ ತಪ್ಪು ದಾರಿಯಲ್ಲಿ, ಎರಡನೇ ಸಲ ಸರಿಯಾಗಿ. ಆ ಎರಡನೇ ದಾರಿ ಇಲ್ಲಿದೆ. ಸಿ ಭಾಷೆ ಬರುತ್ತದೆ, ಒಂದಾದರೂ ಮಾಡ್ಯೂಲ್ ಕಂಪೈಲ್ ಮಾಡಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ. ಹೆಡರ್ ಹೆಸರುಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ, ಫೈಲಿನಲ್ಲಿ ಎಂದಿನ ಹಾಗೆಯೇ ಟೈಪ್ ಮಾಡಿ.

ತಪ್ಪು ದಾರಿ ಯಾವುದು

ಎಲ್ಲರಿಗೂ ಮೊದಲು ಹೊಳೆಯುವುದು ಇದೇ: ಒಂದು ಇನ್‌ಕ್ಲೂಡ್ ಸಾಲು ಅಳಿಸು, ಕಂಪೈಲ್ ಮಾಡು, ಆಯಿತಾ, ಹಾಗಾದರೆ ಅದು ಬೇಡವಾಗಿತ್ತು, ಮುಂದಿನದು ಅಳಿಸು. ನಾನೂ ಹೀಗೇ ಮಾಡಿದೆ. ಹತ್ತು ಸಾಲು ನಾಲ್ಕಾಯಿತು. ಫೈಲು ಚೆನ್ನಾಗಿ ಕಾಣುತ್ತಿತ್ತು ಕೂಡ.

ಆದರೆ ಅದು ಓರಣವಲ್ಲ, ಸಾಲ. ನನ್ನ ಡ್ರೈವರ್ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರನ್ನಷ್ಟೇ ಒಳಗೆ ಬಿಡುವ ಬೀಗ) ಬಳಸುತ್ತದೆ. ಮ್ಯೂಟೆಕ್ಸ್.ಎಚ್ ಕೇಳದೆಯೂ ಕಂಪೈಲ್ ಆಯಿತು, ಯಾಕೆಂದರೆ ಐ2ಸಿ.ಎಚ್ (ಚಿಪ್ ಜತೆ ಮಾತಾಡುವ ಐ2ಸಿ ತಂತಿಯ ಹೆಡರ್) ತನ್ನ ಕೆಲಸಕ್ಕೆ ಅದನ್ನು ಒಳಗೆ ಎಳೆದುಕೊಂಡಿದೆ. ಪಕ್ಕದವರ ತೋಟದ ಪೈಪಿಗೆ ನಾವು ಸುಮ್ನೆ ಒಂದು ಟಿ ಹಾಕಿ ನೀರು ಬಿಟ್ಟುಕೊಂಡ ಹಾಗೆ. ಅವರು ಪೈಪ್‌ಲೈನ್ ಬದಲಿಸಿದ ದಿನ ನಮ್ಮ ಗಿಡ ಒಣಗುತ್ತವೆ, ಅವರನ್ನು ಬೈಯುವ ಹಾಗೂ ಇಲ್ಲ.

ಕರ್ನಲ್‌ನ ದಾಖಲೆಗಳ ಪೈಕಿ ಪ್ಯಾಚ್ ಕಳಿಸುವ ಮುಂಚೆ ನೋಡಬೇಕಾದ ಚೆಕ್‌ಲಿಸ್ಟ್ ಒಂದಿದೆ. ಅದು ಹೇಳುವುದೂ ಇದನ್ನೇ: ಏನನ್ನಾದರೂ ಬಳಸುತ್ತೀರಾದರೆ ಅದನ್ನು ಘೋಷಿಸುವ ಹೆಡರನ್ನು ನೀವೇ ಸೇರಿಸಿ, ಬೇರೆ ಹೆಡರ್ ತಂದುಕೊಡುತ್ತದೆ ಅಂತ ನಂಬಬೇಡಿ. ಹಾಗಾಗಿ ಓರಣ ಅಂದರೆ ಸಾಲುಗಳು ಕಡಿಮೆಯಾಗುವುದು ಅಂತ ಅಲ್ಲ. ನನ್ನ ಫೈಲಿನಲ್ಲಿ ಕೊನೆಗೆ ಜಾಸ್ತಿಯೇ ಆದವು.

ಈ ಸಾಲ ಎಷ್ಟು ಹಳೆಯದು ಅನ್ನಲು ಎರಡು ಕಥೆ ಸಾಕು. ಒಂದು ಕಾಲದಲ್ಲಿ ಪರ್‌ಸಿಪಿಯು.ಎಚ್ ಒಳಗೆ ಸ್ಲ್ಯಾಬ್.ಎಚ್ ಇತ್ತು. ಪರ್‌ಸಿಪಿಯು.ಎಚ್ ಅನ್ನು ಶೆಡ್.ಎಚ್ ಮತ್ತು ಮಾಡ್ಯೂಲ್.ಎಚ್ ಎರಡೂ ಎಳೆಯುತ್ತಿದ್ದವು. ಅಂದರೆ ಸ್ಲ್ಯಾಬ್.ಎಚ್‌ನಲ್ಲಿರುವ, ಮೆಮೊರಿ ಪಡೆಯುವ ಕೆಮ್ಯಾಲಾಕ್, ಬಿಡುವ ಕೆಫ್ರೀ ಎಲ್ಲರಿಗೂ ಪುಕ್ಕಟೆ. 2010ರಲ್ಲಿ ಕರ್ನಲ್ ಡೆವಲಪರ್ ತೇಜುನ್ ಹಿಯೊ ಆ ಕೊಂಡಿ ಕಳಚಲು ಹೊರಟಾಗ, ಅದಕ್ಕೂ ಮುಂಚೆ ಸಾವಿರಾರು ಫೈಲುಗಳಿಗೆ ಸ್ಲ್ಯಾಬ್.ಎಚ್, ಜಿಎಫ್‌ಪಿ.ಎಚ್ ಸಾಲುಗಳನ್ನು ಸ್ಕ್ರಿಪ್ಟ್ ಹಾಕಿ ಸೇರಿಸಬೇಕಾಯಿತು. ಇನ್ನೊಂದು: ಡಿವೈಸ್ ಟ್ರೀಗೆ (ಬೋರ್ಡಿನಲ್ಲಿ ಯಾವ ಹಾರ್ಡ್‌ವೇರ್ ಇದೆ ಅಂತ ಹೇಳುವ ಪಟ್ಟಿ) ಸಂಬಂಧಿಸಿದ ಆಫ್_ಡಿವೈಸ್.ಎಚ್ ಮತ್ತು ಆಫ್_ಪ್ಲಾಟ್‌ಫಾರ್ಮ್.ಎಚ್ 'ತಾತ್ಕಾಲಿಕವಾಗಿ' ಒಂದನ್ನೊಂದು ಸೇರಿಸಿಕೊಂಡವು. ಆ ತಾತ್ಕಾಲಿಕ ಹದಿಮೂರು ವರ್ಷ ನಡೆಯಿತು. 2023ರಲ್ಲಿ ಇನ್ನೊಬ್ಬ ಡೆವಲಪರ್ ರಾಬ್ ಹೆರಿಂಗ್ ಕರ್ನಲ್ ತುಂಬಾ ಓಡಾಡಿ ಪ್ರತಿ ಫೈಲಿಗೂ ಬೇಕಾದ್ದನ್ನು ಬರೆದು ಬಿಡಿಸಿದರು. ತಾತ್ಕಾಲಿಕ ಅನ್ನುವ ಮಾತು ಎಲ್ಲ ಕಡೆ ಒಂದೇ, ಅಲ್ವಾ.

ಶುರು ಮಾಡುವ ಮುಂಚೆ ಒಂದು ಹಳೆಯ ಪ್ರತಿ

ಯಾವುದನ್ನೂ ಮುಟ್ಟದೆ ಒಮ್ಮೆ ಕಂಪೈಲ್ ಮಾಡಿ, ಬಂದ ಆಬ್ಜೆಕ್ಟ್ ಫೈಲನ್ನು ಬೇರೆ ಹೆಸರಿನಲ್ಲಿ ಎತ್ತಿಡಿ. ಕೆಲಸ ಮುಗಿದ ಮೇಲೆ ಹೋಲಿಸಲು ಬೇಕು. ನಿಮ್ಮ ಡ್ರೈವರ್ ಈಗ ಕಂಪೈಲೇ ಆಗುತ್ತಿಲ್ಲ ಅಂದರೆ ಅದನ್ನು ಆಗುವ ಹಾಗೆ ಮಾಡಿಕೊಂಡು ಅಲ್ಲಿಂದ ಎತ್ತಿಡಿ. ನಾನು ಆ ಅನ್‌ಅಲೈನ್ಡ್ ಸಾಲನ್ನು ಲಿನಕ್ಸ್/ಅನ್‌ಅಲೈನ್ಡ್.ಎಚ್ ಅಂತ ಬದಲಿಸಿದೆ. 2024ರ ಅಕ್ಟೋಬರ್‌ನಲ್ಲಿ, 6.12 ತಯಾರಾಗುವಾಗ, ಆ ಹೆಡರ್ ಆಯಾ ಪ್ರೊಸೆಸರಿಗೆ ತಕ್ಕ ಹೆಡರ್‌ಗಳಿರುವ ಎಎಸ್‌ಎಂ ಡೈರೆಕ್ಟರಿಯಿಂದ ಲಿನಕ್ಸ್ ಡೈರೆಕ್ಟರಿಗೆ ಮನೆ ಬದಲಿಸಿತ್ತು. ಚಿಪ್ ಸಿಕ್ಕಾಗ ಕರ್ನಲ್ ಕರೆಯುವ ಐ2ಸಿ ಪ್ರೋಬ್ ಫಂಕ್ಷನ್‌ಗೂ ಈಗ ಎರಡರ ಬದಲು ಒಂದೇ ಆರ್ಗ್ಯುಮೆಂಟು, ಅದು ಬೇರೆ ಪುರಾಣ.

ಬಳಸಿದ್ದನ್ನು ಪಟ್ಟಿ ಮಾಡಿ

ಹೆಚ್ಚು ಹೊತ್ತು ಹಿಡಿಯುವುದು ಇದೇ ಕೆಲಸ. ಬೇಸರದ ಕೆಲಸವೂ ಹೌದು, ಬೇಗ ಮುಗಿಸುವ ಉಪಾಯ ನನಗಂತೂ ಸಿಕ್ಕಿಲ್ಲ. ಫೈಲನ್ನು ಮೇಲಿನಿಂದ ಕೆಳಗೆ ಓದುತ್ತಾ ನಿಮ್ಮದಲ್ಲದ ಪ್ರತಿ ಹೆಸರನ್ನೂ ಒಂದು ಕಾಗದದಲ್ಲಿ ಬರೆಯಿರಿ: ಫಂಕ್ಷನ್, ಮ್ಯಾಕ್ರೋ, ಸ್ಟ್ರಕ್ಟ್, ಟೈಪ್. ಪಕ್ಕದಲ್ಲಿ ಅದು ಹುಟ್ಟಿದ ಹೆಡರ್ ಯಾವುದು ಅಂತ ಬರೆಯಿರಿ. ಕರ್ನಲ್‌ನ ಪೂರ್ತಿ ಸೋರ್ಸ್ ಇಳಿಸಿಕೊಂಡು ಇನ್‌ಕ್ಲೂಡ್/ಲಿನಕ್ಸ್ ಒಳಗೆ ಗಿಟ್ ಗ್ರೆಪ್ ಮಾಡಿದರೆ ಸಿಗುತ್ತದೆ.

ನನ್ನ ಕಾಗದ ಹೀಗಿತ್ತು. ಯು16, ಯು32 ಟೈಪ್ಸ್.ಎಚ್‌ನವು. ಬಿಟ್ ಮತ್ತು ಜೆನ್‌ಮಾಸ್ಕ್ ಬಿಟ್ಸ್.ಎಚ್‌ನಲ್ಲಿ, ಆದರೆ ಫೀಲ್ಡ್_ಗೆಟ್ ಬಿಟ್‌ಫೀಲ್ಡ್.ಎಚ್‌ನಲ್ಲಿ. ಯುಸ್ಲೀಪ್_ರೇಂಜ್ ಡಿಲೇ.ಎಚ್‌ನದು. ಪಾಯಿಂಟರ್ ತಪ್ಪಾಗಿದೆಯಾ ನೋಡುವ ಐಎಸ್_ಎರ್ ಎರ್.ಎಚ್‌ನಲ್ಲಿದೆ. ಅದನ್ನೂ ಎರ್‌ನೋ.ಎಚ್ ಅನ್ನೂ ಗೊಂದಲ ಮಾಡಿಕೊಳ್ಳಬೇಡಿ, ಎರಡನೆಯದರಲ್ಲಿ ತಪ್ಪುಗಳ ಸಂಖ್ಯೆಗಳಷ್ಟೇ ಇರುವುದು. ಅಳತೆಯನ್ನು ಹೊರಗೆ ಕೊಡುವ ಫಂಕ್ಷನ್ ಎಚ್‌ಡಬ್ಲ್ಯೂಮಾನ್.ಎಚ್‌ನಲ್ಲಿದೆ. ಡೆವ್_ಎರ್ ಮತ್ತು ಡೆವ್‌ಎಂ_ಕೆಝ್ಯಾಲಾಕ್ ಎರಡಕ್ಕೂ ಡಿವೈಸ್.ಎಚ್.

ಆ ಕೊನೆಯದು ಎಷ್ಟೋ ಜನರನ್ನು ಎಡವಿಸುತ್ತದೆ. ಹೆಸರಲ್ಲಿ ಅಲಾಕ್ ಇದೆ ಅಂತ ಸ್ಲ್ಯಾಬ್.ಎಚ್ ಹಾಕುತ್ತಾರೆ. ಡೆವ್‌ಎಂ ಇಂದ ಶುರುವಾಗುವುದು ಡಿವೈಸ್‌ನ ಜತೆಗೆ ಹುಟ್ಟಿ ಅದರ ಜತೆಗೇ ಹೋಗುವ ಮೆಮೊರಿ, ಅದರ ಘೋಷಣೆ ಡಿವೈಸ್ ಕಡೆಯದು. ಕೆಮ್ಯಾಲಾಕ್, ಕೆಫ್ರೀ ನೇರವಾಗಿ ಕರೆದರೆ ಮಾತ್ರ ಸ್ಲ್ಯಾಬ್.ಎಚ್ ಬೇಕು.

ಡಿವೈಸ್ ಟ್ರೀ ಇಂದ ಸರ್ಕ್ಯೂಟಿನ ಒಂದು ರೆಸಿಸ್ಟರ್ ಬೆಲೆ ಓದಲು ನಾನು ಆಫ್_ಪ್ರಾಪರ್ಟಿ ಫಂಕ್ಷನ್ ಬಳಸಿದ್ದೆ, ಅದಕ್ಕಾಗಿ ಆಫ್_ಡಿವೈಸ್.ಎಚ್. ಈಗಿನ ಪದ್ಧತಿ ಪ್ರಾಪರ್ಟಿ.ಎಚ್‌ನಲ್ಲಿರುವ ಡಿವೈಸ್_ಪ್ರಾಪರ್ಟಿ ಫಂಕ್ಷನ್‌ಗಳದು. ಡಿವೈಸ್ ಟ್ರೀ ಇರಲಿ, ಪಿಸಿಗಳಲ್ಲಿ ಅದೇ ಕೆಲಸ ಮಾಡುವ ಎಸಿಪಿಐ ಇರಲಿ, ಎರಡರಲ್ಲೂ ಓಡುತ್ತದೆ. ಹೊಂದಾಣಿಕೆ ಟೇಬಲ್‌ನ ಸ್ಟ್ರಕ್ಟ್ ಆಫ್_ಡಿವೈಸ್_ಐಡಿ ಇರುವುದು, ಹೆಸರು ನೋಡಿ ಮೋಸಹೋಗಬೇಡಿ, ಮಾಡ್_ಡಿವೈಸ್‌ಟೇಬಲ್.ಎಚ್‌ನಲ್ಲಿ. ಇವೆರಡನ್ನು ಹಾಕಿದ ಮೇಲೆ ಆಫ್_ಡಿವೈಸ್.ಎಚ್‌ಗೆ ನನ್ನ ಫೈಲಿನಲ್ಲಿ ಕೆಲಸವೇ ಇರಲಿಲ್ಲ.

ಕರ್ನಲ್.ಎಚ್ ಎಂಬ ಸಂತೆ

ಹಳೆಯ ಪಾಠ ನೋಡಿ ಬರೆದ ಪ್ರತಿ ಡ್ರೈವರಿನಲ್ಲೂ ಮೊದಲ ಸಾಲು ಇದೇ ಇರುತ್ತದೆ. ಸಂತೆಯಲ್ಲಿ ಸಿಗದ ಸಾಮಾನಿಲ್ಲ ಅನ್ನುವ ಹಾಗೆ ಇದರೊಳಗೆ ಎಲ್ಲ ಇತ್ತು. ಈಗ ಒಂದೊಂದೇ ಅಂಗಡಿ ಬೇರೆಯಾಗುತ್ತಿದೆ. ಮಿನ್, ಮ್ಯಾಕ್ಸ್, ಕ್ಲ್ಯಾಂಪ್ 5.10ರಲ್ಲಿ ಮಿನ್‌ಮ್ಯಾಕ್ಸ್.ಎಚ್‌ಗೆ ಹೋದವು. ಕಂಟೇನರ್_ಆಫ್ 5.16ರಲ್ಲಿ ತನ್ನದೇ ಹೆಸರಿನ ಹೆಡರ್ ಸೇರಿತು. ಭಾಗಿಸಿ ಮೇಲಕ್ಕೆ ಪೂರ್ಣಾಂಕ ಮಾಡುವ ಮ್ಯಾಕ್ರೋಗಳು ಮ್ಯಾಥ್.ಎಚ್‌ನಲ್ಲಿ, ಅಕ್ಷರದಿಂದ ಅಂಕಿಗೆ ಬದಲಿಸುವ ಫಂಕ್ಷನ್‌ಗಳು ಕೆಸ್ಟ್ರ್‌ಟುಎಕ್ಸ್.ಎಚ್‌ನಲ್ಲಿ, ಅರೇ_ಸೈಜ್ 6.7ರಿಂದ ಅರೇ_ಸೈಜ್.ಎಚ್‌ನಲ್ಲಿ. ಈ ಬೇರ್ಪಡಿಸುವ ಕೆಲಸದಲ್ಲಿ ಬಹುಪಾಲು ಆಂಡಿ ಶೆವ್ಚೆಂಕೊ ಅವರದು.

ಹೆಡರ್ ಫೈಲು ಕರ್ನಲ್.ಎಚ್ ಅನ್ನು ಸೇರಿಸುವುದನ್ನಂತೂ ಬಿಡಲೇಬೇಕು, ಯಾಕೆಂದರೆ ಅದನ್ನು ಸೇರಿಸುವ ಎಲ್ಲರಿಗೂ ಸಂತೆ ಅಂಟಿಕೊಳ್ಳುತ್ತದೆ. ಸಿ ಫೈಲಿನಲ್ಲಿ ಇದ್ದರೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ, ಆದರೂ ತೆಗೆಯುವುದು ಒಳ್ಳೆಯದು.

ಮೊದಲು ಸೇರಿಸಿ, ಆಮೇಲೆ ತೆಗೆಯಿರಿ

ಕಾಗದದ ಪಟ್ಟಿಯಲ್ಲಿದ್ದು ಫೈಲಿನಲ್ಲಿ ಇಲ್ಲದ್ದನ್ನೆಲ್ಲ ಸೇರಿಸಿ. ಕಂಪೈಲ್ ಮಾಡಿ. ಇದನ್ನು ಒಂದು ಕಮಿಟ್ ಮಾಡಿ. ಇದಾದ ಮೇಲೆ ಪಟ್ಟಿಯಲ್ಲಿ ಇಲ್ಲದ್ದನ್ನು ತೆಗೆಯಿರಿ, ಅದು ಬೇರೆ ಕಮಿಟ್. ಈ ಕ್ರಮ ಯಾಕೆ ಅಂದರೆ, ತೆಗೆದ ಮೇಲೆ ಏನಾದರೂ ಮುರಿದರೆ ಆ ಎರಡನೇ ಕಮಿಟ್ ಒಂದನ್ನೇ ಹಿಂದಕ್ಕೆ ಪಡೆಯಬಹುದು. ಸೇರಿಸಿದ್ದು ಹಾಗೇ ಉಳಿಯುತ್ತದೆ, ಅದರಿಂದ ಯಾರಿಗೂ ತೊಂದರೆ ಇಲ್ಲ.

ನನ್ನಲ್ಲಿ ಹೋದವು: ಎಫ್‌ಎಸ್.ಎಚ್, ಯುಆಕ್ಸೆಸ್.ಎಚ್ (ಕ್ಯಾರೆಕ್ಟರ್ ಡಿವೈಸ್ ಪಾಠದಿಂದ ನಕಲಾಗಿ ಬಂದಿದ್ದವು, ನನ್ನ ಡ್ರೈವರಿನಲ್ಲಿ ಅಂಥದ್ದೇ ಇಲ್ಲ), ಸ್ಲ್ಯಾಬ್.ಎಚ್, ಆಫ್_ಡಿವೈಸ್.ಎಚ್, ಕರ್ನಲ್.ಎಚ್, ಮತ್ತೆ ಇನಿಟ್.ಎಚ್. ಕೊನೆಯದು ಯಾಕೆ ಹೋಯಿತು ಅಂದರೆ, ನಾನು ಮಾಡ್ಯೂಲ್_ಐ2ಸಿ_ಡ್ರೈವರ್ ಮ್ಯಾಕ್ರೋ ಬಳಸುತ್ತೇನೆ. ಇನಿಟ್, ಎಗ್ಜಿಟ್ ಎರಡನ್ನೂ ಅದೇ ಬರೆದುಕೊಳ್ಳುತ್ತದೆ.

ಉಳಿದದ್ದು ಹೀಗೆ:

#ಇನ್‌ಕ್ಲೂಡ್ <ಲಿನಕ್ಸ್/ಬಿಟ್‌ಫೀಲ್ಡ್.ಎಚ್>
#ಇನ್‌ಕ್ಲೂಡ್ <ಲಿನಕ್ಸ್/ಬಿಟ್ಸ್.ಎಚ್>
#ಇನ್‌ಕ್ಲೂಡ್ <ಲಿನಕ್ಸ್/ಡಿಲೇ.ಎಚ್>
#ಇನ್‌ಕ್ಲೂಡ್ <ಲಿನಕ್ಸ್/ಡಿವೈಸ್.ಎಚ್>
#ಇನ್‌ಕ್ಲೂಡ್ <ಲಿನಕ್ಸ್/ಎರ್.ಎಚ್>
#ಇನ್‌ಕ್ಲೂಡ್ <ಲಿನಕ್ಸ್/ಎಚ್‌ಡಬ್ಲ್ಯೂಮಾನ್.ಎಚ್>
#ಇನ್‌ಕ್ಲೂಡ್ <ಲಿನಕ್ಸ್/ಐ2ಸಿ.ಎಚ್>
#ಇನ್‌ಕ್ಲೂಡ್ <ಲಿನಕ್ಸ್/ಮಾಡ್_ಡಿವೈಸ್‌ಟೇಬಲ್.ಎಚ್>
#ಇನ್‌ಕ್ಲೂಡ್ <ಲಿನಕ್ಸ್/ಮಾಡ್ಯೂಲ್.ಎಚ್>
#ಇನ್‌ಕ್ಲೂಡ್ <ಲಿನಕ್ಸ್/ಮ್ಯೂಟೆಕ್ಸ್.ಎಚ್>
#ಇನ್‌ಕ್ಲೂಡ್ <ಲಿನಕ್ಸ್/ಪ್ರಾಪರ್ಟಿ.ಎಚ್>
#ಇನ್‌ಕ್ಲೂಡ್ <ಲಿನಕ್ಸ್/ಟೈಪ್ಸ್.ಎಚ್>
#ಇನ್‌ಕ್ಲೂಡ್ <ಲಿನಕ್ಸ್/ಅನ್‌ಅಲೈನ್ಡ್.ಎಚ್>

#ಇನ್‌ಕ್ಲೂಡ್ "ತೋಟ.ಎಚ್"

ಕನ್ನಡದಲ್ಲಿ ಕ್ರಮ ತಪ್ಪಿದಂತೆ ಕಾಣುತ್ತದೆ, ಇದು ಇಂಗ್ಲಿಷ್ ಅಕ್ಷರಮಾಲೆಯ ಕ್ರಮ. ಹಾಗೆ ಜೋಡಿಸಿದರೆ ಒಂದೇ ಹೆಡರ್ ಎರಡು ಸಲ ಬಂದಿದ್ದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಎಎಸ್‌ಎಂ ಹೆಡರ್ ಬೇಕಿದ್ದರೆ ಲಿನಕ್ಸ್ ಗುಂಪಿನ ಕೆಳಗೆ ಒಂದು ಖಾಲಿ ಸಾಲು ಬಿಟ್ಟು ಹಾಕಿ. ಅದೇ ಹೆಸರಿನ ಲಿನಕ್ಸ್ ಹೆಡರ್ ಇದೆಯಾ ಅಂತ ಮೊದಲು ನೋಡಿ. ಎಎಸ್‌ಎಂ/ಐಒ.ಎಚ್ ಬದಲು ಲಿನಕ್ಸ್/ಐಒ.ಎಚ್ ಹಾಕಿ ಅಂತ ಪ್ಯಾಚ್‌ನ ಶೈಲಿ ನೋಡುವ ಕರ್ನಲ್‌ನ ಚೆಕ್‌ಪ್ಯಾಚ್ ಸ್ಕ್ರಿಪ್ಟೇ ಗೊಣಗುತ್ತದೆ.

ಜೋಡಿಸುವಾಗ ಒಂದು ಹಳ್ಳ ಇದೆ, ನಾನು ಬಿದ್ದಿದ್ದೇನೆ. ಲಾಗ್ ಮೆಸೇಜುಗಳ ರೂಪ ಹೇಳುವ ಪಿಆರ್_ಎಫ್‌ಎಂಟಿ ಎಂಬ ಡಿಫೈನ್ ಇದ್ದರೆ ಅದು ಎಲ್ಲ ಇನ್‌ಕ್ಲೂಡ್‌ಗಳ ಮೇಲೇ ಇರಬೇಕು. ಇಲ್ಲದಿದ್ದರೆ ಪ್ರಿಂಟ್‌ಕೆ.ಎಚ್ ತನ್ನದೇ ಖಾಲಿ ರೂಪವನ್ನು ಮೊದಲೇ ಕೂರಿಸಿಬಿಡುತ್ತದೆ. ಟ್ರೇಸ್‌ಪಾಯಿಂಟ್ (ಕೋಡ್ ಓಡುವಾಗ ಇಣುಕಿ ನೋಡುವ ಗುರುತು) ಹೆಡರ್ ಇದ್ದರೂ ಅದೇ ಎಚ್ಚರ: ಕ್ರಿಯೇಟ್_ಟ್ರೇಸ್_ಪಾಯಿಂಟ್ಸ್ ಡಿಫೈನ್ ಮತ್ತು ಆ ಹೆಡರ್ ಜೋಡಿಯಾಗಿ ಕೊನೆಯಲ್ಲೇ ಉಳಿಯಲಿ. ಅಕ್ಷರಮಾಲೆಗಾಗಿ ಅವನ್ನು ಕದಲಿಸಬೇಡಿ.

ಕೆಕಾನ್ಫಿಗ್.ಎಚ್ ಬರೆಯಲೇಬೇಡಿ. ಅದನ್ನೂ ಕಂಪೈಲರ್_ಟೈಪ್ಸ್.ಎಚ್ ಅನ್ನೂ ಕರ್ನಲ್‌ನ ಬಿಲ್ಡ್ ವ್ಯವಸ್ಥೆ ಪ್ರತಿ ಫೈಲಿಗೂ ಕಮಾಂಡ್ ಸಾಲಿನಲ್ಲೇ ಸೇರಿಸುತ್ತದೆ.

ನಿಮ್ಮ ಸ್ವಂತ ಹೆಡರ್

ಡ್ರೈವರಿಗೆ ಎರಡು ಮೂರು ಸಿ ಫೈಲು, ನಡುವೆ ಒಂದು ಸ್ವಂತ ಹೆಡರ್ ಇದ್ದರೆ ಅದರ ಮೇಲೆ ಜಾಸ್ತಿ ಗಮನ ಕೊಡಿ. ಅಲ್ಲಿ ಕೇಳಬೇಕಾದ್ದು ಒಂದೇ: ನನಗೆ ಆ ಸ್ಟ್ರಕ್ಟ್‌ನ ಪಾಯಿಂಟರ್ ಸಾಕಾ, ಇಡೀ ಸ್ಟ್ರಕ್ಟ್ ಒಳಗೇ ಬೇಕಾ?

ಪಾಯಿಂಟರ್ ಸಾಕು ಅಂದರೆ ಹೆಡರ್ ಬೇಡ. 'ಸ್ಟ್ರಕ್ಟ್ ಐ2ಸಿ_ಕ್ಲೈಂಟ್;' ಅಂತ ಹೆಸರಷ್ಟೇ ಮುಂಚೆ ಹೇಳಿಟ್ಟರೆ ಸಾಕು. ಪಾಯಿಂಟರಿನ ಗಾತ್ರ ಕಂಪೈಲರಿಗೆ ಗೊತ್ತೇ ಇದೆ, ಒಳಗೇನಿದೆ ಅಂತ ಅದಕ್ಕೆ ತಿಳಿಯಬೇಕಿಲ್ಲ. ಆದರೆ ಸ್ಟ್ರಕ್ಟ್ ಮ್ಯೂಟೆಕ್ಸ್ ಅನ್ನು ನಿಮ್ಮ ಸ್ಟ್ರಕ್ಟ್ ಒಳಗೇ ಇಟ್ಟಿದ್ದರೆ ಗಾತ್ರ ಬೇಕು, ಆಗ ಮ್ಯೂಟೆಕ್ಸ್.ಎಚ್ ಬೇಕೇ ಬೇಕು. ಇದೇ ಲೆಕ್ಕದಲ್ಲಿ ಐ2ಸಿ.ಎಚ್ ಕೂಡ ಡಿವೈಸ್.ಎಚ್ ಅನ್ನು ಬಿಡಲಾರದು, ಐ2ಸಿ_ಕ್ಲೈಂಟ್‌ನ ಹೊಟ್ಟೆಯಲ್ಲೇ ಸ್ಟ್ರಕ್ಟ್ ಡಿವೈಸ್ ಇದೆ. ಈ ಕಾರಣ ಕೊಟ್ಟು ಕೆಲವರು ಡಿವೈಸ್.ಎಚ್ ಅನ್ನು ಬೇರೆಯಾಗಿ ಬರೆಯುವುದಿಲ್ಲ. ತಪ್ಪೇನಲ್ಲ. ನಾನು ಬರೆಯುತ್ತೇನೆ, ಯೋಚನೆ ಕಡಿಮೆ.

ಸ್ವಂತ ಹೆಡರ್ ಸರಿಯಿದೆಯಾ ಪರೀಕ್ಷಿಸಲು ಅದೊಂದನ್ನೇ ಸೇರಿಸುವ ಒಂದು ಸಾಲಿನ ಸಿ ಫೈಲು ಮಾಡಿ ಕಂಪೈಲ್ ಮಾಡಿ. ತಾನಾಗಿ ನಿಲ್ಲದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಸಿ ಫೈಲಿನಲ್ಲಿ ಅದು ಕೊನೆಯಲ್ಲಿ ಬರುವುದರಿಂದ ಈ ಕೊರತೆ ಅಲ್ಲಿ ಮುಚ್ಚಿಹೋಗಿರುತ್ತದೆ. ಬಳಕೆದಾರರ ಪ್ರೋಗ್ರಾಮಿಗಾಗಿ ಇರುವ ಯುಎಪಿಐ ಹೆಡರ್‌ಗಳನ್ನು ಮಾತ್ರ ಈ ಕೆಲಸಕ್ಕೆ ಮುಟ್ಟಬೇಡಿ. ಅಲ್ಲಿಂದ ಒಂದು ಸಾಲು ತೆಗೆದರೆ ಎಲ್ಲೋ ಯಾರದೋ ಪ್ರೋಗ್ರಾಮು ಮುರಿಯುತ್ತದೆ.

ಯಾರು ಯಾರನ್ನು ಎಳೆಯುತ್ತಿದ್ದಾರೆ ಅಂತ ನೋಡಲು

ಮೇಕ್ ಕಮಾಂಡಿನ ಕೊನೆಗೆ ಕೆಸಿಫ್ಲ್ಯಾಗ್ಸ್=-ಎಚ್ ಸೇರಿಸಿ, ಎಚ್ ದೊಡ್ಡಕ್ಷರದಲ್ಲಿ. ತೆರೆದ ಪ್ರತಿ ಹೆಡರ್ ಹೆಸರೂ ಪರದೆ ಮೇಲೆ ಬರುತ್ತದೆ, ಮುಂದೆ ಚುಕ್ಕಿಗಳು. ಒಂದು ಚುಕ್ಕಿ ಅಂದರೆ ನೀವೇ ಕೇಳಿದ್ದು, ಎರಡು ಅಂದರೆ ಅದು ಕೇಳಿದ್ದು, ಹೀಗೆ. ಉದ್ದ ಪಟ್ಟಿ ನೋಡಿ ಗಾಬರಿಯಾಗಬೇಡಿ. ಒಂದು ಹೆಡರ್ ಒಮ್ಮೆ ತೆರೆದರೆ ಮತ್ತೆ ತೆರೆಯುವುದಿಲ್ಲ, ಹಾಗಾಗಿ ಮೊದಲು ಕೇಳಿದವರ ಕೆಳಗಷ್ಟೇ ಅದರ ಹೆಸರು ಕಾಣುತ್ತದೆ. ಬೇರೆ ಹತ್ತು ಜನ ಕೇಳಿದ್ದರೂ ಅಲ್ಲಿ ಗೊತ್ತಾಗುವುದಿಲ್ಲ.

ಪೂರ್ತಿ ಬಿಚ್ಚಿದ ರೂಪ ಬೇಕಿದ್ದರೆ ಸಿ ಫೈಲಿನ ಹೆಸರಿನ ಕೊನೆಯ ಅಕ್ಷರವನ್ನು 'ಐ' ಮಾಡಿ ಮೇಕ್‌ಗೆ ಕೊಡಿ. ನಾನೂರು ಸಾಲಿನ ನನ್ನ ಡ್ರೈವರ್ ಹತ್ತಾರು ಸಾವಿರ ಸಾಲಾಗಿ ಹೊರಬಂತು. ಇಡೀ ಕರ್ನಲ್ ಕಂಪೈಲ್ ನಿಧಾನವಾಗಲು ಇದೂ ಒಂದು ಕಾರಣ. ಇಂಗೊ ಮೋಲ್ನಾರ್ 2022ರ ಜನವರಿಯಲ್ಲಿ ಹೆಡರ್‌ಗಳ ಗಂಟು ಬಿಡಿಸಲು ಮುಂದಿಟ್ಟ ಸರಣಿಯಲ್ಲಿ 2,200ಕ್ಕೂ ಹೆಚ್ಚು ಪ್ಯಾಚ್‌ಗಳಿದ್ದವು. ಅಷ್ಟು ದೊಡ್ಡದು ಒಟ್ಟಿಗೆ ಕರ್ನಲ್ ಸೇರಲಿಲ್ಲ, ಕೆಲಸ ತುಂಡು ತುಂಡಾಗಿಯೇ ನಡೆಯುತ್ತಿದೆ.

ಕರ್ನಲ್ ಸೋರ್ಸ್ ಒಳಗೆ ಇನ್‌ಕ್ಲೂಡ್‌ಚೆಕ್ ಎಂಬ ಮೇಕ್ ಟಾರ್ಗೆಟ್ ಎರಡು ಸಲ ಬಂದ ಹೆಡರ್ ತೋರಿಸುತ್ತದೆ, ಹೆಡರ್‌ಡೆಪ್ ಎಂಬುದು ಸುತ್ತು ಹಾಕಿಕೊಂಡ ಹೆಡರ್‌ಗಳನ್ನು ಹುಡುಕುತ್ತದೆ.

ನಿಮ್ಮ ಮೆಷಿನ್ನಿನಲ್ಲಿ ಆಯಿತು ಅಂದರೆ ಆಯಿತು ಅಂತಲ್ಲ

ಇನ್ನೊಂದು ಪ್ರೊಸೆಸರಿಗೆ, ಇನ್ನೊಂದು ಕಾನ್ಫಿಗರೇಶನ್‌ಗೆ ಕಂಪೈಲ್ ಮಾಡಿ ನೋಡದೆ ನಂಬಬೇಡಿ. ಎಕ್ಸ್86ರಲ್ಲಿ ಬಹಳ ಕಾಲ ವಿಮ್ಯಾಲಾಕ್.ಎಚ್ ಪುಕ್ಕಟೆ ಬರುತ್ತಿತ್ತು, ಐಒ ಹೆಡರ್ ಅದನ್ನು ಎಳೆಯುತ್ತಿತ್ತು. 2024ರ 6.10ರಲ್ಲಿ ಆ ಕೊಂಡಿ ಕಳಚಿದಾಗ ಎಷ್ಟೋ ಫೈಲುಗಳಿಗೆ ಆ ಸಾಲು ಹೊಸದಾಗಿ ಬರೆಯಬೇಕಾಯಿತು.

ಪೂರ್ತಿ ಸೋರ್ಸ್ ಇದ್ದರೆ ಆಲ್‌ಮಾಡ್‌ಕಾನ್ಫಿಗ್‌ನಲ್ಲಿ (ಆಗುವುದನ್ನೆಲ್ಲ ಮಾಡ್ಯೂಲ್ ಮಾಡುವ ಕಾನ್ಫಿಗರೇಶನ್) ಒಮ್ಮೆ, ರ‍್ಯಾಂಡ್‌ಕಾನ್ಫಿಗ್‌ನಲ್ಲಿ (ಮನಸ್ಸಿಗೆ ಬಂದಂತೆ ಆರಿಸಿದ ಕಾನ್ಫಿಗರೇಶನ್) ಕೆಲವು ಸಲ ನಿಮ್ಮ ಡೈರೆಕ್ಟರಿಯನ್ನಷ್ಟೇ ಕಂಪೈಲ್ ಮಾಡಿ. ಡಬ್ಲ್ಯೂ=1 ಸೇರಿಸಿದರೆ ಹೆಚ್ಚಿನ ಎಚ್ಚರಿಕೆಗಳು ಬರುತ್ತವೆ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಇದನ್ನು ಹಚ್ಚಿಟ್ಟು ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದರೂ ಮುಗಿದಿರಲಿಲ್ಲ.

ಹೆಡರ್ ಕೊರತೆಯಾದರೆ ಸಾಮಾನ್ಯವಾಗಿ ಕಂಪೈಲರ್ ಕೂಗುತ್ತದೆ, ಅದು ಒಳ್ಳೆಯದೇ. ಭಯ ಇರುವುದು ಕೂಗದ ಕಡೆ. ಕೋಡಿನಲ್ಲಿ 'ಈ ಮ್ಯಾಕ್ರೋ ಇದ್ದರೆ ಇದು, ಇಲ್ಲದಿದ್ದರೆ ಅದು' ಎಂಬ ಇಫ್‌ಡೆಫ್ ಇದ್ದು, ಆ ಮ್ಯಾಕ್ರೋ ತರುತ್ತಿದ್ದ ಹೆಡರನ್ನು ನೀವು ತೆಗೆದುಬಿಟ್ಟರೆ, ಕಂಪೈಲರ್ ತುಟಿಪಿಟಿಕ್ ಅನ್ನದೆ ಎರಡನೇ ದಾರಿ ಹಿಡಿಯುತ್ತದೆ. ಡ್ರೈವರ್ ಲೋಡ್ ಆಗುತ್ತದೆ, ಆದರೆ ಬೇರೆಯೇ ಕೋಡ್ ಓಡುತ್ತಿರುತ್ತದೆ. ಎತ್ತಿಟ್ಟ ಹಳೆಯ ಆಬ್ಜೆಕ್ಟ್ ಫೈಲು ಬೇಕಾಗುವುದು ಈಗಲೇ. ಹಳೆಯದು, ಹೊಸದು ಎರಡನ್ನೂ ಆಬ್ಜ್‌ಡಂಪ್‌ನಿಂದ ಬಿಚ್ಚಿ ಡಿಫ್ ಮಾಡಿ. ಹೆಡರ್ ಸಾಲುಗಳಷ್ಟೇ ಬದಲಾಗಿದ್ದರೆ ಮೆಷಿನ್ ಕೋಡ್ ಒಂದೇ ಇರಬೇಕು. ಫೈಲುಗಳನ್ನು ಬೈಟಿಗೆ ಬೈಟು ಹೋಲಿಸಬೇಡಿ: ಇನ್‌ಕ್ಲೂಡ್ ಸಾಲು ಕೂಡಿಸಿ ಕಳೆದರೆ ಸಾಲಿನ ಸಂಖ್ಯೆ ಬದಲಾಗುತ್ತದೆ, ವಾರ್ನ್ ಮತ್ತು ಪಿಆರ್_ಡಿಬಗ್ ಅವನ್ನು ತಮ್ಮ ಟೇಬಲ್‌ನಲ್ಲಿ ಬರೆದಿಡುತ್ತವೆ. ಆಫ್_ಪ್ರಾಪರ್ಟಿಯನ್ನು ಡಿವೈಸ್_ಪ್ರಾಪರ್ಟಿ ಮಾಡಿದಂಥ ನಿಜವಾದ ಬದಲಾವಣೆಯನ್ನು ಇದೇ ಕಾರಣಕ್ಕೆ ಬೇರೆ ಕಮಿಟ್‌ನಲ್ಲಿ ಮೊದಲೇ ಮುಗಿಸಿಬಿಡಿ.

ಕಳಿಸುವುದಾದರೆ

ಡ್ರೈವರ್ ಕರ್ನಲ್ ಒಳಗಿನದೇ ಆಗಿದ್ದರೆ ಗೆಟ್_ಮೇಂಟೈನರ್ ಸ್ಕ್ರಿಪ್ಟ್ ಯಾರಿಗೆ ಕಳಿಸಬೇಕು ಅಂತ ಹೇಳುತ್ತದೆ. ಸೇರಿಸಿದ್ದು, ತೆಗೆದದ್ದು, ಜೋಡಿಸಿದ್ದು ಬೇರೆ ಬೇರೆ ಪ್ಯಾಚ್ ಇರಲಿ. ಒಂದರಲ್ಲೇ ಎಲ್ಲ ತುರುಕಿದರೆ ಓದುವವರಿಗೆ ಏನು ಹೋಯಿತು, ಏನು ಬಂತು ತಿಳಿಯುವುದಿಲ್ಲ. ನಿಮ್ಮದಲ್ಲದ, ಯಾರೂ ವರ್ಷಗಳಿಂದ ಮುಟ್ಟದ ಹಳೆಯ ಡ್ರೈವರಿಗೆ ಬರೀ ಹೆಡರ್ ಓರಣದ ಪ್ಯಾಚ್ ಕಳಿಸುವುದನ್ನು ನಾನಾದರೆ ಮಾಡುವುದಿಲ್ಲ. ಪರೀಕ್ಷಿಸಲು ಆ ಹಾರ್ಡ್‌ವೇರ್ ಯಾರ ಹತ್ತಿರವೂ ಇರುವುದಿಲ್ಲ.

ನನ್ನ ಹಾಗೆ ಕರ್ನಲ್ ಹೊರಗೇ ಇಟ್ಟುಕೊಂಡವರಿಗೆ ಇನ್ನೊಂದು ತಲೆನೋವು: ಹಳೆಯ ಕರ್ನಲ್‌ನಲ್ಲಿ ಹೊಸ ಹೆಡರ್ ಇರುವುದಿಲ್ಲ. ಚಿಕ್ಕಪ್ಪನ ತೋಟದ ಬೋರ್ಡ್ ಇನ್ನೂ 6.1ರಲ್ಲಿದೆ. ಅಲ್ಲಿ ಲಿನಕ್ಸ್/ಅನ್‌ಅಲೈನ್ಡ್.ಎಚ್ ಇಲ್ಲ, ಅರೇ_ಸೈಜ್.ಎಚ್ ಕೂಡ ಇಲ್ಲ. ಇಂಥ ವ್ಯತ್ಯಾಸಗಳನ್ನು ಫೈಲು ತುಂಬಾ ಚೆಲ್ಲದೆ ಕಂಪ್ಯಾಟ್.ಎಚ್ ಅಂತ ಒಂದೇ ಕಡೆ ಇಡಿ. ಅದರಲ್ಲಿ ವರ್ಷನ್.ಎಚ್ ಸೇರಿಸಿ, ಕರ್ನಲ್ 6.12 ಅಥವಾ ಮೇಲಿದ್ದರೆ ಲಿನಕ್ಸ್‌ನದು, ಇಲ್ಲದಿದ್ದರೆ ಎಎಸ್‌ಎಂನದು ಅಂತ ನಾಲ್ಕು ಸಾಲು. ಡ್ರೈವರನ್ನು ಕರ್ನಲ್‌ಗೆ ಕಳಿಸುವ ದಿನ ಆ ಫೈಲನ್ನು ಅಳಿಸಿ, ಒಳಗೆ ವರ್ಷನ್ ಪರೀಕ್ಷೆಗಳನ್ನು ಒಪ್ಪುವುದಿಲ್ಲ. ಚಿಕ್ಕಪ್ಪನ ಬೋರ್ಡ್ ಅನ್ನು ಈ ಬೇಸಿಗೆಯಲ್ಲಿ ಅಪ್‌ಡೇಟ್ ಮಾಡಬೇಕು ಅಂತಿದ್ದೇನೆ. ಮೋಟರ್ ಓಡದ ಹೊತ್ತು ನೋಡಿಕೊಂಡು.